ಮಹಾಲಿಂಗನ ಕೆರೆ ಕೋಡಿ ಬಿದ್ದದ್ದು

“ಈ ಸಲ ನಮ್ ಕೆರೆ ಕೋಡಿ ಬೀಳ್ದಿದ್ರೆ ನನ್ ಹೆಸರು ಮಹಾಲಿಂಗನೇ ಅಲ್ಲ!”

ಗುಂಡ್ಲುಪೇಟೆಯ ಅಂಚಿನ ಹಳೇಕೆರೆ ಬಡಾವಣೆ ನಿವಾಸಿಗಳ ಸಂಘದ ಸಭೆಯಲ್ಲಿ ಕಾರ್ಯದರ್ಶಿ ಮಹಾಲಿಂಗ ಹೀಗೆಂದು ಮೇಜು ಗುದ್ದಿದ. ಗುದ್ದಿದ ರಭಸಕ್ಕೆ ಮೇಜಿನ ಮೇಲಿದ್ದ ಟೀ ಲೋಟ ಉರುಳಿ, ಕೆರೆಗಿಂತ ಮುಂಚೆ ತಾನೇ ಅಧ್ಯಕ್ಷ ವೃಷಭೇಂದ್ರಪ್ಪನವರ ಬಿಳಿ ಪಂಚೆಯ ಮೇಲೆ ಕೋಡಿ ಬಿತ್ತು. ನಿವೃತ್ತ ಹೆಡ್‌ಮಾಸ್ಟರಾದ ಅವರು ಪಂಚೆ ಒರೆಸಿಕೊಳ್ಳುತ್ತಾ, “ಹಾಗಾದರೆ ಸದ್ಯಕ್ಕೆ ನಡಾವಳಿ ಪುಸ್ತಕದಲ್ಲಿ ತಮ್ಮ ಹೆಸರನ್ನು ಏನೆಂದು ಬರೆಯಲಿ?” ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ಮಹಾಲಿಂಗ ಮಾತ್ರ ನಗಲಿಲ್ಲ.

ಅವನು ನಗುವ ಸ್ಥಿತಿಯಲ್ಲಿರಲಿಲ್ಲ. ಹೆಂಡತಿ ಸುಂದ್ರಮ್ಮ ತೆರಕಣಾಂಬಿಯ ತವರಿಗೆ ಹೋಗಿ ಅಂದಿಗೆ ನಾಲ್ಕು ದಿನವಾಗಿತ್ತು.

ಹೋದದ್ದೂ ಕೆರೆಯ ದೆಸೆಯಿಂದಲೇ. ಮಾರ್ನಮಿ ಹಬ್ಬ ಹತ್ತಿರ ಬಂತೆಂದು ಆಕೆ ಮನೆಯ ಹಾಸಿಗೆ, ಹೊದಿಕೆ, ಕಂಬಳಿಗಳನ್ನೆಲ್ಲ ಎರಡು ದಿನ ಸೊಂಟ ಮುರಿಯುವಂತೆ ಒಗೆದು ತಾರಸಿಯ ಮೇಲೆ ಹರವಿದ್ದಳು. ಅದೇ ದಿನ ಸಂಘದ ಶ್ರಮದಾನ. ಕೆರೆಯಿಂದ ಕಿತ್ತ ಅಂತರಗಂಗೆ ಕಳೆಯನ್ನು ಒಣಗಿಸಿ ಗೊಬ್ಬರ ಮಾಡುತ್ತೇನೆಂದು ಮಹಾಲಿಂಗ ಒಂದು ಟ್ರ್ಯಾಕ್ಟರ್ ಕಳೆಯನ್ನು ಮನೆಗೆ ತಂದ. ತಾರಸಿಗೆ ಹೊತ್ತು ಹೊತ್ತು ಸುರಿದ. ಕೆಳಗೆ ಏನಿದೆ ಎಂದು ನೋಡುವ ವ್ಯವಧಾನ ದೇಶಸೇವಕರಿಗೆ ಎಲ್ಲಿರುತ್ತದೆ? ಕೆಸರು, ಬಸವನಹುಳು, ಕೊಳೆತ ಬೇರು ಎಲ್ಲವೂ ಮಡಿ ಹೊದಿಕೆಗಳ ಮೇಲೆ ಆರಾಮವಾಗಿ ಮಲಗಿದವು. ಅಷ್ಟೇ ಆಗಿದ್ದರೆ ಸುಂದ್ರಮ್ಮ ಸಹಿಸುತ್ತಿದ್ದಳೇನೋ. ಕಳೆಯ ಜೊತೆ ಬಂದಿದ್ದ ಹಾವೊಂದು ಮೆಟ್ಟಿಲಿಳಿದು, ನಡುಮನೆ ದಾಟಿ, ಅಡುಗೆ ಮನೆಯಲ್ಲಿ ರಾಗಿ ಹಿಟ್ಟಿನ ಡಬ್ಬಿಯ ಪಕ್ಕ ಸುತ್ತಿಕೊಂಡು ಕೂತಿತ್ತು.

“ಏನೂ ಮಾಡಾಕಿಲ್ಲ ಕಣೇ! ನೀರಾವು. ಒಳ್ಳೆ ಹಾವು!” ಎಂದು ಮಹಾಲಿಂಗ ಸಮಾಧಾನ ಹೇಳಿದ.

“ಒಳ್ಳೇದಾ? ಹಂಗಾದ್ರೆ ಅದ್ಕೇ ಮುದ್ದೆ ತೊಳ್ಸಾಕ್ ಹೇಳಿ!” ಎಂದಳು ಸುಂದ್ರಮ್ಮ. ಹತ್ತು ನಿಮಿಷದಲ್ಲಿ ಬ್ಯಾಗು ಕೈಯಲ್ಲಿತ್ತು. “ಆ ನಿಮ್ ಕೆರೆ ಕೋಡಿ ಬಿದ್ದ ದಿನ ಬತ್ತೀನಿ. ಅಲ್ಲೀಗಂಟ ಆ ಕೆರೆ ಜೊತೇಲೇ ಸಂಸಾರ ಮಾಡ್ಕಳಿ!”

ಆ ಕೆರೆ ಕೋಡಿ ಬಿದ್ದು ಇಪ್ಪತ್ತು ವರ್ಷವಾಗಿತ್ತು. ಅಂದರೆ ಆಕೆಯ ಮಾತಿನ ಅರ್ಥ ಯಾವ ಮಗುವಿಗಾದರೂ ತಿಳಿಯುವಂಥದ್ದು. ಆದರೆ ಮಹಾಲಿಂಗ ಬದನಗುಪ್ಪೆಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುವವನು. ಚೀಟಿಯಲ್ಲಿ ಏನು ಬರೆದಿದೆಯೋ ಅದನ್ನೇ ಎತ್ತಿ ಕೊಟ್ಟು ಅಭ್ಯಾಸ. ಹೆಂಡತಿ ಕೋಡಿ ಎಂದಳು, ಸರಿ, ಕೋಡಿಯೇ! ಇನ್ನೊಂದು ಮಾತಿಲ್ಲ.

ಇನ್ನೊಂದು ಕಾರಣವೂ ಇತ್ತು, ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಆ ಕೆರೆ ಕೋಡಿ ಬಿದ್ದಾಗ ಅವರಿಬ್ಬರಿಗೂ ಮದುವೆಯಾಗಿ ಮೂರು ತಿಂಗಳು. ಹೊಸ ಜೋಡಿಯೆಂದು ಊರವರು ಅವರ ಕೈಯಲ್ಲೇ ಬಾಗಿನ ಬಿಡಿಸಿದ್ದರು. ಮೊರ ನೀರಿಗಿಡುವಾಗ ಸುಂದ್ರಮ್ಮನ ಕಾಲು ಜಾರಿ, ಮಹಾಲಿಂಗ ತೋಳು ಹಿಡಿದಿದ್ದ. ಆಕೆ ಮನೆ ಮುಟ್ಟುವವರೆಗೂ ಆ ಕೈ ಬಿಡಿಸಿಕೊಂಡಿರಲಿಲ್ಲ. ಈಗ ರಾತ್ರಿಯ ಊಟಕ್ಕೆ ಒಂದೇ ತಟ್ಟೆ ಇಟ್ಟುಕೊಳ್ಳುವಾಗಲೆಲ್ಲ ಆ ದಿನ ನೆನಪಾಗಿ, ಅವನ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲ. ಮುದ್ದೆಯನ್ನು ತಾನೇ ತೊಳಸಿದ್ದೂ ಅದಕ್ಕೊಂದು ಕಾರಣವಿರಬಹುದು!

ಸರಿ, ಭಗೀರಥ ಪ್ರಯತ್ನ ಶುರುವಾಯಿತು. ಕೆರೆಗೆ ನೀರು ತರುವ ಕಾಲುವೆಗಳಲ್ಲಿ ಹೂತಿದ್ದ ಪ್ಲಾಸ್ಟಿಕ್ಕು, ಮನೆ ಒಡೆದ ಮಣ್ಣು, ಒಂದು ಹಳೆಯ ಸ್ಕೂಟರು, ಎಲ್ಲವನ್ನೂ ಸಂಘದವರ ಜೊತೆ ಸೇರಿ ಎತ್ತಿಸಿದ. ಕೆಲಸದ ಹೊತ್ತು ಬಿಟ್ಟರೆ ಮಿಕ್ಕ ಹೊತ್ತೆಲ್ಲ ಗುದ್ದಲಿ. ಅಷ್ಟರಲ್ಲಿ ಮಳೆಯೂ ಕೈಹಿಡಿಯಿತು. ಗೋಪಾಲಸ್ವಾಮಿ ಬೆಟ್ಟದ ಕಡೆ ಮೋಡ ಕಪ್ಪಾದರೆ ಸಾಕು, ಮಹಾಲಿಂಗ ಹೊಸಿಲಿನಲ್ಲಿ ನಿಂತು ಕೈಮುಗಿಯುತ್ತಿದ್ದ.

ದಿನಾ ಬೆಳಗ್ಗೆ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಅವನ ‘ಕೆರೆ ಸುದ್ದಿ’ ಬರುತ್ತಿತ್ತು. “ಮಾನ್ಯ ನಿವಾಸಿಗಳೇ! ಗಂಗಮ್ಮ ತಾಯಿ ಇಂದು ಒಂಬತ್ತನೇ ಮೆಟ್ಟಿಲನ್ನು ಅಲಂಕರಿಸಿದ್ದಾಳೆ!” “ಮಾನ್ಯ ನಿವಾಸಿಗಳೇ! ಕೆರೆ ಏರಿಯ ಮೇಲೆ ಎಮ್ಮೆ ಕಟ್ಟಿದವರು ತಕ್ಷಣ ಬಿಚ್ಚತಕ್ಕದ್ದು. ನೀರು ಹನ್ನೊಂದನೇ ಮೆಟ್ಟಿಲಿಗೆ ಬಂದಿದೆ!” ಗ್ರೂಪಿನಲ್ಲಿ ನೂರಾ ಹದಿನಾರು ಜನ. ಎಲ್ಲರೂ ಹೂವು, ಕೈಮುಗಿದ ಚಿತ್ರ ಕಳಿಸುತ್ತಿದ್ದರು. ಮಹಾಲಿಂಗನಿಗೆ ಆ ಹೂವು ಯಾವುದೂ ಬೇಕಿರಲಿಲ್ಲ. ಸುಂದ್ರಮ್ಮ ಮನೆ ಬಿಟ್ಟಿದ್ದಳೇ ಹೊರತು ಗ್ರೂಪು ಬಿಟ್ಟಿರಲಿಲ್ಲ! ಸುದ್ದಿ ಹಾಕಿದ ಮೇಲೆ ಯಾರ್ಯಾರು ಓದಿದರೆಂಬ ಪಟ್ಟಿ ತೆರೆದು, ‘ಸುಂದ್ರಮ್ಮ’ ಎಂಬ ಹೆಸರು ಬರುವವರೆಗೂ ಕಾಯುತ್ತಿದ್ದ. ಹೆಸರು ಬಂದರೆ ಆ ದಿನ ಒಳ್ಳೆಯ ದಿನ. ಬರುವುದು ತಡವಾದರೆ ಸ್ಟೋರಿನಲ್ಲಿ ಬೋಲ್ಟು ಕೇಳಿದವರಿಗೆ ನಟ್ಟು ಕೊಡುತ್ತಿದ್ದ.

ಇನ್ನು ಕಂಪನಿ ಬಸ್ಸು. ಅದು ದಿನಕ್ಕೆರಡು ಸಲ ತೆರಕಣಾಂಬಿಯ ಮೇಲೆಯೇ ಹೋಗಬೇಕು. ಅತ್ತೆ ಮನೆ ರಸ್ತೆಗೇ ಇದೆ. ಬೆಳಗ್ಗೆ ಎಡಗಡೆ ಕಿಟಕಿ, ಸಂಜೆ ಬಲಗಡೆ ಕಿಟಕಿ ಹಿಡಿದು ಕೂರುತ್ತಿದ್ದ. ಮನೆ ಬರುತ್ತಲೇ ಕತ್ತನ್ನು ಬಿಗಿಹಿಡಿದು ಮುಂದೆ ನೋಡುತ್ತಿದ್ದ. ಓರೆಗಣ್ಣು ಮಾತ್ರ ಜಗಲಿಯ ಮೇಲೆ! ಇಳಿದು ಹೋಗಿ ಕರೆಯಲು ಬಿಂಕ. ಕರೆಯದೆ ಇರಲು ಸಂಕಟ. ಇಪ್ಪತ್ತು ವರ್ಷ ಜೊತೆಯಲ್ಲಿದ್ದವಳನ್ನು ಹೀಗೆ ಬಸ್ಸಿನ ಕಿಟಕಿಯಲ್ಲಿ ಅರ್ಧ ನಿಮಿಷ ನೋಡಲು ಹಾತೊರೆಯುವುದು ಗಂಡಸಿಗೆ ಸಣ್ಣ ಶಿಕ್ಷೆಯಲ್ಲ.

ನೀರು ಏರಿತು, ಏರಿತು, ಕೋಡಿ ಕಲ್ಲಿಗೆ ಒಂದು ಗೇಣು ಇದೆ ಎನ್ನುವಾಗ ಮಳೆ ನಿಂತೇಹೋಯಿತು! ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛ. ಮಾರನೆಯ ದಿನ ಒಂದು ಗೇಣು. ಅದರಾಚೆ ದಿನ ಒಂದು ಗೇಣು, ಮೇಲೊಂದು ಬೆರಳು! ನೀರು ಇಳಿಯುತ್ತಿದೆ. ಇತ್ತ ದೀಪಾವಳಿ ಬಂತು. ಭಾನುವಾರ ನೀರು ತುಂಬುವ ಹಬ್ಬ. ಹಂಡೆ ತೊಳೆದು, ಸುಣ್ಣ ಕೆಮ್ಮಣ್ಣು ಬಳಿದು, ನೀರು ತುಂಬಿ, ಮಾರನೆಯ ಬೆಳಗ್ಗೆ ತಲೆಗೆ ಎಣ್ಣೆ ಒತ್ತುವವಳು ಇಲ್ಲದ ಮನೆಯಲ್ಲಿ ಹಬ್ಬ ಮಾಡುವುದಾದರೂ ಹೇಗೆ? ಮದುವೆಯಾದ ಮೇಲೆ ಅವನ ತಲೆಗೆ ಅವನೇ ಎಣ್ಣೆ ಹಚ್ಚಿಕೊಂಡ ದೀಪಾವಳಿ ಒಂದೂ ಇರಲಿಲ್ಲ.

ಶುಕ್ರವಾರ ಅವನ ತಾಳ್ಮೆ ಕಿತ್ತುಹೋಯಿತು. ಕೆರೆ ಸುದ್ದಿ ಹಾಕಿಯೇಬಿಟ್ಟ: “ಮಾನ್ಯ ನಿವಾಸಿಗಳೇ! ಭಾನುವಾರ ಬೆಳಗ್ಗೆ ನಮ್ಮ ಕೆರೆ ಕೋಡಿ ಬೀಳಲಿದೆ! ಹತ್ತು ಗಂಟೆಗೆ ಬಾಗಿನ. ಸರ್ವರಿಗೂ ಸ್ವಾಗತ!”

ಬಡಾವಣೆ ಎದ್ದು ಕುಣಿಯಿತು. ಅಧ್ಯಕ್ಷರು ಭಾಷಣ ಬರೆಯಲು ಕೂತರು. ಯಾರೋ ವಾಲಗದವರಿಗೆ ಹೇಳಿದರು. ಒಬ್ಬ ಚಿಕ್ಕಯ್ಯ ಮಾತ್ರ ಏರಿಯ ಮೇಲೆ ಬೀಡಿ ಹಚ್ಚಿಕೊಂಡು ನಕ್ಕ. ಚಿಕ್ಕಯ್ಯನ ಮನೆತನದವರು ತಲೆತಲಾಂತರದಿಂದ ಈ ಕೆರೆಯ ನೀರುಗಂಟಿಗಳು. ತೂಬು ತೆಗೆಯುವುದು, ನೀರು ಬಿಡುವುದು ಅವರದೇ ಕೆಲಸ.

“ಯಾವ್ ಮಳೆ ನಂಬ್ಕಂಡು ಹಾಕ್ದ್ಯಲಾ ಮಾಲಿಂಗ?”

“ನೀರು ಕಲ್ಲಿನ್ ಮಟ್ಟಕ್ಕೆ ಬರ್ದಿದ್ರೆ, ಕಲ್ಲನ್ನೇ ನೀರಿನ್ ಮಟ್ಟಕ್ಕೆ ಇಳ್ಸುದ್ರಾಯ್ತು ಚಿಕ್ಕಯ್ಯಣ್ಣ. ಒಂದೇ ಒಂದು ಕಲ್ಲು!”

ಚಿಕ್ಕಯ್ಯ ಬೀಡಿ ಎಸೆದ. “ಲೋ, ಬ್ಯಾಡ ಕಣ್ಲಾ. ಕೋಡಿ ಕಲ್ಲು ಅಂದ್ರೆ ಅಣ್ಣತಮ್ಮಂದ್ರು ಇದ್ದಂಗೆ. ಒಬ್ಬುನ್ನ ಎಬ್ಬುಸುದ್ರೆ ಮಿಕ್ಕವ್ರೂ ಎದ್ ಓಯ್ತಾರೆ.”

ಮಹಾಲಿಂಗ ಕೇಳುವ ಸ್ಥಿತಿ ದಾಟಿದ್ದ. ಭಾನುವಾರ ಬೆಳಕು ಹರಿಯುತ್ತಲೇ ಹಾರೆ ಹಿಡಿದು ಹೋದ. ಮೀಟಿದ. ಕಲ್ಲು ಎದ್ದಿತು. ಅಬ್ಬಾ, ಆ ದೃಶ್ಯ! ಅಂಗೈಯಗಲದ ನೀರು ಗಾಜಿನಂತೆ ಬಾಗಿ ಕೆಳಗಿಳಿಯಿತು. ವಿಡಿಯೋ ತೆಗೆದು, “ಕೋಡಿ ಬಿತ್ತು!” ಎಂದು ಗ್ರೂಪಿಗೆ ಹಾಕಿದ. ಓದಿದವರ ಪಟ್ಟಿಯಲ್ಲಿ ಮೊದಲನೆಯ ಹೆಸರೇ ಸುಂದ್ರಮ್ಮನದು! ಮಹಾಲಿಂಗ ಅಲ್ಲಿಯೇ ಒಂದು ಸುತ್ತು ಕುಣಿದು, ಸ್ನಾನ ಮಾಡಿ ಬಿಳಿ ಪಂಚೆ ಉಡಲು ಮನೆಗೆ ಓಡಿದ.

ಅವನು ತಲೆಗೆ ಸೀಗೆಪುಡಿ ಹಚ್ಚುವ ಹೊತ್ತಿಗೆ ಅತ್ತ ಕೋಡಿಯಲ್ಲಿ ಎರಡನೆಯ ತಮ್ಮ ಎದ್ದು ಹೊರಟ. ಸೀಗೆಪುಡಿ ತೊಳೆಯುವ ಹೊತ್ತಿಗೆ ಮಿಕ್ಕ ಅಣ್ಣತಮ್ಮಂದಿರೂ ಸಕುಟುಂಬ ಪರಿವಾರ ಸಮೇತ ಹೊರಟರು.

ಮಹಾಲಿಂಗನ ಮನೆ ಇರುವುದು ಕೋಡಿ ಹಳ್ಳದ ದಡದಲ್ಲೇ. ಸೈಟು ಅಗ್ಗಕ್ಕೆ ಸಿಕ್ಕಿತ್ತು. ಯಾಕೆ ಅಗ್ಗ ಎಂದು ಕೇಳುವ ಅಭ್ಯಾಸ ನಮ್ಮವರಿಗೆಲ್ಲಿದೆ? ಹೋಗಲಿ, ಹಳ್ಳವಾದರೂ ಖಾಲಿಯಿತ್ತೇ? ಊರಿನ ಕಾಲುವೆಗಳನ್ನೆಲ್ಲ ಬಿಡಿಸಿದ ಈ ಮಹಾಶಯ, ಹೆಂಡತಿ ಹೋದ ದಿನ ತಾರಸಿಯ ಕಳೆಯನ್ನು ಸಿಟ್ಟಿನಲ್ಲಿ ಎತ್ತೆತ್ತಿ ಎಸೆದಿದ್ದು ಮನೆಯ ಹಿಂದಿನ ಅದೇ ಹಳ್ಳಕ್ಕೆ! ಭೋರೆಂದು ಬಂದ ನೀರು ಕಳೆಯ ಗುಡ್ಡೆಗೆ ಡಿಕ್ಕಿ ಹೊಡೆದು, ಎಡಕ್ಕೆ ತಿರುಗಿ, ಹಿತ್ತಲ ಬಾಗಿಲನ್ನು ತಳ್ಳಿಕೊಂಡು ಒಳಗೆ ಬಂತು.

ಹತ್ತು ಗಂಟೆಗೆ ಬಾಗಿನದ ಮೊರ ಹಿಡಿದು ಬಂದ ಬಡಾವಣೆಯ ಹೆಂಗಸರು ಕಂಡದ್ದೇನು? ಕೆರೆಯ ಬಳಿ ಚಿಕ್ಕಯ್ಯ ಹತ್ತಾರು ಜನರನ್ನು ಕಟ್ಟಿಕೊಂಡು ಮರಳಿನ ಮೂಟೆ ಜೋಡಿಸಿ ಒಡಕು ಮುಚ್ಚುತ್ತಿದ್ದಾನೆ. ಕೆಳಗೆ ಮಹಾಲಿಂಗನ ನಡುಮನೆಯಲ್ಲಿ ಮೊಣಕಾಲುದ್ದ ನೀರು. ಪಾತ್ರೆಗಳು ತೇಲಿಕೊಂಡು ಕೋಣೆಯಿಂದ ಕೋಣೆಗೆ ನೆಂಟಸ್ತನಕ್ಕೆ ಹೋಗುತ್ತಿವೆ. ಗ್ಯಾಸ್ ಸಿಲಿಂಡರು ಈಜುತ್ತಿದೆ. ದೇವರ ಗೂಡಿನ ಮುಂದೆ ಎರಡು ಮೀನು ಪ್ರದಕ್ಷಿಣೆ ಹಾಕುತ್ತಿವೆ. ನಡುವೆ ಒದ್ದೆ ಪಂಚೆಯಲ್ಲಿ ಸಂಘದ ಕಾರ್ಯದರ್ಶಿ!

ವೃಷಭೇಂದ್ರಪ್ಪನವರು ಹೊಸಿಲಾಚೆ ನಿಂತು, ಬರೆದು ತಂದಿದ್ದ ಭಾಷಣವನ್ನು ಮಡಿಸಿ ಜೇಬಿಗಿಟ್ಟರು. “ನೀರು ತುಂಬುವ ಹಬ್ಬ ಎಂದರೆ ಹಂಡೆಗೆ ತುಂಬುವುದು ಮಹಾಲಿಂಗನವರೇ. ಮನೆಗಲ್ಲ!”

ಜನ ಬಿದ್ದು ಬಿದ್ದು ನಕ್ಕರು. ಆದರೆ ಏರಿಯಿಂದ ಕೆಸರಾಗಿ ಬಂದ ಚಿಕ್ಕಯ್ಯ ನಗಲಿಲ್ಲ. “ಮೂರು ಮೆಟ್ಲು ನೀರು ಹೊಂಟೋಯ್ತು ಕಣ್ಲಾ,” ಎಂದ. ಅಷ್ಟೇ ಅಂದದ್ದು. ಮಹಾಲಿಂಗನಿಗೆ ಎಲ್ಲರ ನಗುವಿಗಿಂತ ಅದು ಹೆಚ್ಚು ತಾಗಿತು. ಬಡಾವಣೆಯವರೆಲ್ಲ ಬೆನ್ನು ಬಗ್ಗಿಸಿ ಕೂಡಿಸಿದ ನೀರು. ಅವನು ಕೈಮುಗಿದು ನಿಂತ. “ತಪ್ಪಾಯ್ತು. ಕೋಡಿ ಬೀಳ್ಲಿಲ್ಲ. ನಾನೇ ಕಲ್ಲು ಕಿತ್ತೆ. ಕಲ್ಲು ಕೂರ್ಸೋಗಂಟ ನಾನು ಏರಿ ಬುಟ್ಟು ಕದಲಾಕಿಲ್ಲ.”

“ಯಾಕ್ ಕಿತ್ರಿ?”

ಕೇಳಿದ್ದು ಚಿಕ್ಕಯ್ಯನಲ್ಲ. ಜನರ ಹಿಂದಿನಿಂದ ಬಂದ ದನಿ. ಹೆಂಗಸರು ದಾರಿ ಬಿಟ್ಟರು. ಒಂದು ಕೈಯಲ್ಲಿ ಬಾಗಿನದ ಮೊರ, ಇನ್ನೊಂದು ಕೈಯಲ್ಲಿ ಬ್ಯಾಗು ಹಿಡಿದ ಸುಂದ್ರಮ್ಮ ಹೊಸಿಲಲ್ಲಿ ನಿಂತು ತನ್ನ ಮನೆ ನೋಡಿದಳು, ಮೀನು ನೋಡಿದಳು, ಗಂಡನನ್ನು ನೋಡಿದಳು.

“ನೀನೇ ಅಂದಿದ್ದಲ್ಲ, ಕೋಡಿ ಬಿದ್ದ ದಿನ ಬತ್ತೀನಿ ಅಂತ...” ಮಹಾಲಿಂಗನ ದನಿ ಒಡೆಯಿತು. “ಮಳೆ ನಿಂತೋಯ್ತು ಸುಂದ್ರ. ಹಬ್ಬ ಬಂದ್ಬುಡ್ತು. ಇನ್ನೇನ್ ಮಾಡ್ಲಿ ನಾನು?”

ಸುಂದ್ರಮ್ಮ ಮೊರವನ್ನು ಪಕ್ಕದವಳ ಕೈಗೆ ಕೊಟ್ಟಳು.

“ಕ್ವಾಪದಲ್ಲಿ ಅಂದದ್ದು ಅದು. ಮೂವತ್ತೆರಡು ದಿನ ನಿಮ್ ಕೆರೆ ಸುದ್ದಿ ಓದ್ದೆ. ಮೆಟ್ಲಿತ್ತು, ಕಳೆ ಇತ್ತು, ಯಾರ್ದೋ ಎಮ್ಮೆ ಕೂಡ ಇತ್ತು. ಇವತ್ತು ನನ್ನ ‘ಬಾ’ ಅಂತಾರೆ, ನಾಳೆ ಅಂತಾರೆ ಅಂತ ಬ್ಯಾಗ್ ಕಟ್ಕಂಡು ಕಾದೆ. ಕೆರೆ ಒಡೆದ್ರಿ. ಬಾಯಿ ತೆಗೀಲಿಲ್ಲ!”

ಮಹಾಲಿಂಗ ಅಷ್ಟು ಜನರ ಎದುರಿಗೆ, ಮೊಣಕಾಲುದ್ದ ನೀರಿನಲ್ಲಿ ನಿಂತು, “ಬಾ ಸುಂದ್ರ,” ಎಂದ.

“ಬಂದಾದ್ ಮ್ಯಾಲೆ ಕರೀತಾರೆ!” ಎಂದು ಆಕೆ ಸೆರಗು ಸಿಕ್ಕಿಸಿ, ಸೀರೆ ಎತ್ತಿಕಟ್ಟಿ ನೀರಿಗಿಳಿದಳು. ತೇಲಿಬಂದ ಬಕೆಟ್ಟು ಹಿಡಿದು ಗಂಡನ ಕೈಗೆ ತುರುಕಿದಳು. “ನಾನು ನಿಮ್ಮಂಗಲ್ಲ ಕಣ್ರೀ. ಬೇಕಾದ್ರೆ ಬಾಯ್ಬುಟ್ಟೇ ಕರೀತೀನಿ. ಬನ್ನಿ ಇಲ್ಲಿ, ನನ್ ಪಕ್ಕ ನಿಂತ್ಕಂಡು ನೀರು ಗೋರಿ!”