ಅಪ್ಪನ ಪಾದದ ಮೇಲೆ ಮಲಗಿದ್ದು

ಬೆಕ್ಕು ಅಡ್ಡ ಬಂದರೆ ಹೆದರುವವರನ್ನು ನೀವು ನೋಡಿರುತ್ತೀರಿ. ನನಗೆ ಹೆದರಿಕೆ ಶುರುವಾದದ್ದು ನಮ್ಮ ಮನೆಯ ಬೆಕ್ಕು ಅಡ್ಡ ಬರುವುದನ್ನು ನಿಲ್ಲಿಸಿದ ಮೇಲೆ. ನಾನು ಯಾವ ಶಾಲೆಯ ಹಂಗೂ ಇಲ್ಲದೆ, ಲೈಬ್ರರಿಯ ಹರಿದ ಪುಸ್ತಕವೊಂದನ್ನು ನೋಡಿಕೊಂಡೇ ರೇಡಿಯೋ ರಿಪೇರಿ ಕಲಿತವನು. ಏನೇ ಕಂಡರೂ ಅದರ ಬೆನ್ನು ಬಿಚ್ಚಿ ಒಳಗೇನಿದೆ ಅಂತ ನೋಡದಿದ್ದರೆ ಊಟ ಸೇರುವುದಿಲ್ಲ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದ್ದೇನೆ ಅಂತ ಮಾತ್ರ ಹೇಳಲಾರೆ. ನಮ್ಮ ಗೋಡೆ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗುವುದು ನಾನು ಅದನ್ನು ಬಿಚ್ಚಿದ ದಿನದಿಂದಲೇ.

ನಮ್ಮದು ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುವ ಮನೆ. ಮಗ್ಗ ಅಂದರೆ ಗುಂಡಿ ಮಗ್ಗ. ನೆಲದಲ್ಲಿ ಮೊಣಕಾಲುದ್ದದ ಗುಂಡಿ, ಅದರ ಅಂಚಿನಲ್ಲಿ ನೇಯುವವನು ಕೂತು ಕಾಲು ಕೆಳಗೆ ಬಿಟ್ಟು ಹಲಗೆ ತುಳಿಯಬೇಕು. ಮೇಲೆ ಬಣ್ಣ, ಜರಿ, ಬೆಳಕು ಎಲ್ಲ ಇರುತ್ತದೆ. ಕೆಳಗೆ ಮಾತ್ರ ಹಗಲು ಹೊತ್ತಿನಲ್ಲೂ ಕತ್ತಲೆ. ನೇಯುವವನಿಗೆ ತನ್ನ ಕಾಲೇ ಕಾಣುವುದಿಲ್ಲ. ನಮ್ಮ ಕೆಂಪಿ ಅನ್ನುವ ಬೆಕ್ಕು ವರ್ಷಗಟ್ಟಲೆ ಆ ಕತ್ತಲೆಯಲ್ಲಿ, ಅಪ್ಪನ ಎಡಗಾಲ ಪಾದದ ಮೇಲೆ ಮಲಗಿತ್ತು. ಅಪ್ಪ ತುಳಿದಂತೆಲ್ಲ ಅದೂ ತೊಟ್ಟಿಲಲ್ಲಿದ್ದ ಹಾಗೆ ಏಳುತ್ತ ಇಳಿಯುತ್ತ ನಿದ್ದೆ ಮಾಡುತ್ತಿತ್ತು. ಅದರ ನಿದ್ದೆ ಕೆಡಬಾರದು ಅಂತ ಅಪ್ಪ ಒಂದೇ ಹದದಲ್ಲಿ ತುಳಿಯುತ್ತಿದ್ದರು. ಅವರು ನೇಯ್ದ ಸೀರೆಯಲ್ಲಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಅಂತ ಯಾರೂ ಬೆರಳು ತೋರಿಸಿದವರಿಲ್ಲ.

ಕೆಂಪಿ ಮುದಿಯಾಗಿ ಸತ್ತಿತು. ಹಿತ್ತಲಿನ ನುಗ್ಗೆಮರದ ಬುಡದಲ್ಲಿ ಗುಂಡಿ ತೋಡಿ ನಾನೇ ಮಣ್ಣು ಮಾಡಿದೆ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಮಾರನೆಯ ದಿನ ಅವ್ವ ರೂಢಿಯ ಮೇಲೆ ಹಾಲನ್ನ ಕಲಸಿ ಮಗ್ಗದ ಗುಂಡಿಯ ಪಕ್ಕ ತಟ್ಟೆ ಇಟ್ಟರು. ಮಧ್ಯಾಹ್ನ ನೋಡಿದರೆ ತಟ್ಟೆ ನೆಕ್ಕಿದ ಹಾಗೆ ಖಾಲಿಯಾಗಿತ್ತು.

ಆ ಸಂಜೆ ಅಪ್ಪ ಲಾಳಿ ಎಸೆಯುತ್ತಲೇ ಹೇಳಿದರು, "ಬಂದದ ಕಣ್ಲಾ."

"ಏನಪ್ಪ ಬಂದದ?"

"ಕಾಲ ಮ್ಯಾಲ ಬಂದು ಮನಗದ. ಬೆಚ್ಚಗದ."

ನಾನು ಟಾರ್ಚು ತಂದು ಬಗ್ಗಿದೆ. ಅಪ್ಪ ಕೈ ಅಡ್ಡ ಹಿಡಿದರು. "ಮನಗಿರದ್ರ ಮಕಕ್ಕ ಬೆಳಕು ಬುಟ್ಟಾರೇನ್ಲಾ? ನಿಂಗ ಯಾರಾದ್ರೂ ಹಂಗ ಮಾಡಿದ್ದಾರಾ?"

"ಅದು ಏನು ಅಂತ ಗೊತ್ತಾಗಬ್ಯಾಡ್ವಾ?"

"ಏನಾದ್ರೂ ಆಗ್ಲಿ. ಚಳಿಯಾಗದ, ಬಂದದ. ನಿಂಗೇನು ಭಾರವಾ?"

ಅವ್ವನನ್ನು ಕೇಳಿದರೆ ಅವರ ಚಿಂತೆಯೇ ಬೇರೆ. "ಅನ್ನ ಸಾಲ್ತದೋ ಇಲ್ವೋ. ನಾಳಿಂದ ಇನ್ನೊಂದು ತುತ್ತು ಜಾಸ್ತಿ ಇಕ್ತೀನಿ." ಪಕ್ಕದ ಮನೆಯ ನಿಂಗಮ್ಮ ಬಂದು, ಮಂತ್ರ ಹಾಕಿಸಿ ಓಡಿಸಿ ಅಂದಾಗ ಅವ್ವ ಒಂದೇ ಮಾತು ಹೇಳಿದರು, "ಓಡುಸುದ್ರ ಎಲ್ಲಿಗೋದದು, ಪಾಪ?"

ನಾನು ವಿಚಾರ ಮಾಡುವವನು, ಸುಮ್ಮನೆ ಬಿಡಲಿಲ್ಲ. ಇಲಿಯೋ ಹೆಗ್ಗಣವೋ ಆಗಿದ್ದರೆ ಮೊದಲು ರೇಷ್ಮೆ ಹಾಸನ್ನು ಕಡಿಯಬೇಕಿತ್ತು. ಒಂದು ಎಳೆಯೂ ಹರಿದಿರಲಿಲ್ಲ. ಹಾವು ಬೆಚ್ಚಗಿರುವುದಿಲ್ಲ, ಹಾಲನ್ನ ಉಣ್ಣುವುದೂ ಇಲ್ಲ. ಬೇರೆ ಬೆಕ್ಕು ಅನ್ನೋಣವೆಂದರೆ ಕಿಟಕಿಗೆ ನಾನೇ ಸಣ್ಣ ಕಣ್ಣಿನ ಜಾಲರಿ ಹೊಡೆದಿದ್ದೆ. ಕೊನೆಗೆ ತಟ್ಟೆಯ ಸುತ್ತ ರಂಗೋಲಿ ಪುಡಿ ಹರಡಿ ನೋಡಿದೆ. ತಟ್ಟೆ ಖಾಲಿಯಾಗಿತ್ತು. ಪುಡಿಯಲ್ಲಿ ಇದ್ದದ್ದು ನಾನು ಹರಡಿ ಹಿಂದಕ್ಕೆ ಬರುವಾಗ ಇಟ್ಟ ನನ್ನ ಹೆಜ್ಜೆ ಮಾತ್ರ. ಅದನ್ನು ನೋಡಿದ ತಂಗಿ ಗಿರಿಜಾ, "ಅಣ್ಣ, ನೀನೇ ಕದ್ದು ತಿಂತಿದ್ದೀಯಾ?" ಅಂತ ಕೇಳಿದಳು. ಒಂದು ಗಳಿಗೆ ನನಗೂ ಅನುಮಾನ ಬಂತು.

ಆಗ ಮಗ್ಗದ ಮೇಲಿದ್ದದ್ದು ಗಿರಿಜಾಳ ಧಾರೆ ಸೀರೆ. ಊರವರ ಮನೆಯ ಮದುವೆಗೆಲ್ಲ ನೇಯ್ದ ಅಪ್ಪ, ಮಗಳಿಗೆ ಬೇರೆ ಯಾರ ಕೈಯ ಸೀರೆಯನ್ನೂ ಉಡಿಸುವುದಿಲ್ಲ ಅಂತ ಹಟ ಹಿಡಿದಿದ್ದರು. ಲಗ್ನ ಹತ್ತಿರ ಬರುತ್ತಿತ್ತು. ಸೆರಗು ಇನ್ನೂ ಬಾಕಿ ಇತ್ತು. ಅಂಥ ಹೊತ್ತಿನಲ್ಲಿ ನನಗೆ ಒಂದು ಉಪಾಯ ಹೊಳೆಯಿತು. ಹನೂರಿನಲ್ಲಿ ಯಾರೋ ಬಿಸಾಡಿದ್ದ ಕಾಲಿಂಗ್ ಬೆಲ್ ನನ್ನ ಹತ್ತಿರ ಇತ್ತು. ತಟ್ಟೆ ಅಲ್ಲಾಡಿದರೆ ಬೆಲ್ಲು ಹೊಡೆಯುವ ಹಾಗೆ ತಂತಿ ಎಳೆದು ಬ್ಯಾಟರಿ ಕಟ್ಟಿದೆ.

ಮಧ್ಯಾಹ್ನ ಎಲ್ಲರೂ ನಡುಮನೆಯಲ್ಲಿ ಮುದ್ದೆ ಉಣ್ಣುತ್ತಿದ್ದೆವು. ಮಗ್ಗದ ಕೋಣೆಯಲ್ಲಿ ಯಾರೂ ಇರಲಿಲ್ಲ. ಬೆಲ್ಲು ಹೊಡೆಯಿತು.

ಮೊದಲು ಓಡಬೇಕಾದವನು ನಾನು. ಮುದ್ದೆಯ ತುತ್ತು ಹಿಡಿದುಕೊಂಡು ಕೂತೇ ಇದ್ದೆ. ಅಪ್ಪನೇ ಎದ್ದುಹೋಗಿ ತಟ್ಟೆ ತಂದು ನನ್ನ ಎಲೆಯ ಮುಂದೆ ಇಟ್ಟರು. ಅರ್ಧ ತಿಂದಿತ್ತು. ಉಳಿದರ್ಧ ಹಾಗೇ ಇತ್ತು.

"ಉಣ್ಣೋ ಹೊತ್ನಲ್ಲಿ ಅದ್ರ ಕಿವಿ ತಾವ ಗಂಟೆ ಬಾರುಸ್ದಲ್ಲಾ," ಅಂದರು ಅಪ್ಪ. ಬೈಗುಳವೂ ಅಲ್ಲ. ಅದಕ್ಕೇ ಜಾಸ್ತಿ ತಾಕಿತು.

ಅವ್ವ ತಟ್ಟೆ ನೋಡಿ, "ಬಾಯ್ಗಾಕಂಡುದ್ನೂ ನುಂಗ್ನಿಲ್ವೇನೋ," ಅಂತ ತಾವೂ ಕೈ ತೊಳೆದುಬಿಟ್ಟರು.

ಆಮೇಲೆ ಅದು ಬರಲಿಲ್ಲ. ತಟ್ಟೆಯ ಅನ್ನ ಒಣಗಿ ಹಕ್ಕಳೆಯಾಗುತ್ತಿತ್ತು. ನನ್ನ ಹೆದರಿಕೆ ಹೋಗಬೇಕಿತ್ತಲ್ಲ? ಅಪ್ಪನ ಎಡಗಾಲು ತಣ್ಣಗಾಗಿ ಮರಗಟ್ಟತೊಡಗಿತು. ತುಳಿತದ ಹದ ತಪ್ಪಿತು. ಸೀರೆಯಲ್ಲಿ ಮೊದಲ ಸಲ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಕಾಣಿಸಿತು. ಅಪ್ಪ ನೇಯ್ದದ್ದನ್ನು ಬಿಚ್ಚುವರು, ಮತ್ತೆ ನೇಯುವರು, ಮತ್ತೆ ಬಿಚ್ಚುವರು. "ಕಾಲು ಖಾಲಿ ಅನ್ನುಸ್ತದ ಕಣ್ಲಾ," ಅಂದರು. ಗಿರಿಜಾ ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತು ನಿಂತು ಹೋಗುತ್ತಿದ್ದಳು. ಅಂಗಡಿಯ ಸೀರೆ ತರೋಣ ಅನ್ನುವ ಮಾತೂ ಮೆಲ್ಲಗೆ ಎದ್ದಿತು. ಅಪ್ಪ ಆ ರಾತ್ರಿ ಉಣ್ಣಲಿಲ್ಲ.

ಬೆಲ್ಲು ಕಿತ್ತುಹಾಕಿದೆ. ತಂತಿ, ಬ್ಯಾಟರಿ ಎಲ್ಲ ಅಟ್ಟಕ್ಕೆಸೆದೆ. ಅವ್ವನಿಗಿಂತ ಮೊದಲೇ ಎದ್ದು ಹಾಲನ್ನ ನಾನೇ ಕಲಸಿ ಇಟ್ಟೆ. ಇಟ್ಟು, ಖಾಲಿ ಗುಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಬಾ, ಇನ್ಮ್ಯಾಲೆ ಬಾರುಸಲ್ಲ," ಅಂದೆ. ವಿಚಾರವಾದಿಯೊಬ್ಬ ಹಗಲು ಹೊತ್ತಿನಲ್ಲಿ ಗುಂಡಿಯ ಜೊತೆ ಮಾತಾಡುವುದನ್ನು ನಿಂಗಮ್ಮ ಕಿಟಕಿಯಿಂದ ನೋಡಿ, ಮಂತ್ರ ಬೇಕಾದದ್ದು ಗುಂಡಿಗಲ್ಲ ಅಂತ ಬೀದಿಗೆಲ್ಲ ಸಾರಿದಳು.

ಒಂದು ಮುಂಜಾನೆ ಮಗ್ಗದ ಸದ್ದು ಬದಲಾಯಿತು. ಹಲ್ಲುಜ್ಜುತ್ತಿದ್ದವನು ಹಾಗೇ ಓಡಿದೆ. ಒಂದೇ ಹದ, ತೊಟ್ಟಿಲು ತೂಗಿದ ಹಾಗೆ. ಅಪ್ಪ ನನ್ನ ಕಡೆ ತಿರುಗದೆ, ತುಟಿಯ ಮೇಲೆ ಬೆರಳಿಟ್ಟರು. ಸದ್ದು ಮಾಡಬೇಡ, ಮಲಗಿದೆ ಅಂತ.

ಗಿರಿಜಾ ಆ ಸೀರೆಯನ್ನೇ ಉಟ್ಟು ಧಾರೆಗೆ ನಿಂತಳು, ಯಳಂದೂರಿನ ಕಡೆಯ ಹೊನ್ನೂರಿಗೆ ಸೊಸೆಯಾಗಿ ಹೋದಳು. ಅಪ್ಪನಿಗೆ ಈಗ ಮಂಡಿ ಬಗ್ಗುವುದಿಲ್ಲ. ಮಗ್ಗಕ್ಕೆ ನಾನು ಕೂರುತ್ತೇನೆ. ಮೊದಲ ವಾರವೆಲ್ಲ ಕಾಲು ನಡುಗುತ್ತಿತ್ತು, ಬರುತ್ತದೇನೋ ಅಂತ. ಆಮೇಲೂ ನಡುಗಿತು, ಬರುವುದಿಲ್ಲವೇನೋ ಅಂತ. ಬಂತು.

ಮೊನ್ನೆ ಕರೆಂಟು ಹೋದಾಗ ಟಾರ್ಚು ಹಚ್ಚಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಜಾರಿ ಗುಂಡಿಯೊಳಗೆ ಬಿತ್ತು, ಉರಿಯುತ್ತಲೇ. ಇಷ್ಟು ವರ್ಷ ನಾನು ನೋಡಬೇಕೆಂದು ಒದ್ದಾಡಿದ್ದೆಲ್ಲ ಕೆಳಗೆ ಹಗಲಿನ ಹಾಗೆ ಬೆಳಗಿರಬೇಕು. ಬಗ್ಗಿದರೆ ಸಾಕಿತ್ತು. ನಾನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೈ ಇಳಿಬಿಟ್ಟು ತಡಕಾಡಿದೆ. ಟಾರ್ಚು ಸಿಗುವ ಮೊದಲು ಏನೋ ಒಂದು, ಒರಟಾದ ನಾಲಿಗೆಯಲ್ಲಿ ನನ್ನ ಬೆರಳನ್ನು ಒಂದೇ ಒಂದು ಸಲ ನೆಕ್ಕಿತು.

ಟಾರ್ಚು ಆರಿಸಿದೆ. ಗಡಿಯಾರದ ಬೆನ್ನನ್ನೂ ಬಿಡದವನು, ಕಣ್ಣು ಮುಚ್ಚಿಕೊಂಡೇ ಹೇಳಿದೆ, "ಮನಗು, ಮನಗು. ನಾನೇನೂ ನೋಡ್ನಿಲ್ಲ."