ಹಡ್ಲಿನ ಹೂವಿಗೆ ಅತ್ತೆಯ ಬಳೆ

ನಮ್ಮ ಅತ್ತೆಯನ್ನು ಕಾರಿನಲ್ಲಿ ಕೂರಿಸಿಕೊಂಡು ಕೊಪ್ಪದಿಂದ ಶೃಂಗೇರಿಗೆ ಹೊತ್ತಿಗೆ ಸರಿಯಾಗಿ ತಲುಪಿದವರು ಯಾರಾದರೂ ಇದ್ದರೆ ಮುಂದೆ ಬನ್ನಿ, ಶಾಲು ಹೊದಿಸುತ್ತೇನೆ! ಅಪ್ಪನ ತಂಗಿ ಅವಳು. ಒಂದು ಲೋಟ ಕಾಫಿಯನ್ನು ಕೂತು ಕುಡಿದವಳಲ್ಲ. ರಸ್ತೆ ಬದಿಯಲ್ಲಿ ಹಡ್ಲು, ಅಂದರೆ ಬೇಸಾಯ ಬಿಟ್ಟ ಜೌಗು ಗದ್ದೆ, ಕಂಡರೆ ಸಾಕು, "ನಿಲ್ಸಿ, ನಿಲ್ಸಿ!" ಎಂದು ಕೂಗಿ, ಮಾವ ಬ್ರೇಕ್ ಹಾಕುವ ಮೊದಲೇ ಬಾಗಿಲು ತೆರೆದಿರುತ್ತಾಳೆ. ರೇಷ್ಮೆ ಸೀರೆ ಎತ್ತಿ ಕಟ್ಟಿ, ಗಂಬೂಟು ಏರಿಸಿ, ಮೊಬೈಲು ಹಿಡಿದು ಕೆಸರಿಗೆ ಇಳಿದಳೆಂದರೆ ಮುಗಿಯಿತು. ಉಪನಯನಕ್ಕೆಂದು ಹೊರಟ ನಾವು ಎಷ್ಟು ಸಲ ಬರೀ ಎಂಜಲೆಲೆ ಎತ್ತುವುದನ್ನು ನೋಡಿ ಬಂದಿಲ್ಲ!

ಫೋಟೋ ತೆಗೆದರೆ ಸಾಲದಲ್ಲ, ಹೂವಿನ ಹೆಸರು ಗೊತ್ತಾಗಬೇಕು. ಅದಕ್ಕೊಂದು ವಾಟ್ಸಾಪ್ ಗ್ರೂಪು. ಅಲ್ಲಿಯ ಪಂಡಿತರಿಗೆ ಚೆಂದದ ಗೊಡವೆಯಿಲ್ಲ. "ಎಲೆ ಎಲ್ಲಿ? ಹೂವಿನ ಹಿಂಭಾಗ ಎಲ್ಲಿ?" ಎನ್ನುತ್ತಾರೆ. ಅತ್ತೆ ಆ ಹೂ ಸಿಕ್ಕಿದ್ದ ನರಸಿಂಹರಾಜಪುರಕ್ಕೆ ಮತ್ತೆ ಓಡುತ್ತಾಳೆ, ಒಂದು ಎಲೆಗಾಗಿ! ಗಾತ್ರ ತಿಳಿಯಲು ಪಕ್ಕದಲ್ಲಿ ಏನಾದರೂ ಇಡಿ ಎಂದರು. ಇವಳು ಕೈಬಳೆ ಕಳಚಿ ಇಟ್ಟಳು. ಅಂದಿನಿಂದ ಪ್ರತಿ ಫೋಟೋದಲ್ಲೂ ಬಳೆ.

"ಇದೇನತ್ತೆ, ಹೂವಿಗೆ ಸೀಮಂತವಾ?"

"ಸುಮ್ನಿರು ಮಾರಾಯ, ನಿಂಗೆಂತ ಗೊತ್ತು!"

ಕಳೆದ ಮಳೆಗಾಲದ ಕೊನೆಗೆ ಬಾಳೆಹೊನ್ನೂರಿನ ಮದುವೆಗೆ ಹೊರಟಾಗ ಮೇಗುಂದದ ಹತ್ತಿರ ಎಂದಿನಂತೆ ಕಾರು ನಿಂತಿತು. ಉಗುರಿನಷ್ಟಗಲದ ನೀಲಿ ಹೂ. ಅತ್ತೆ ಯಾವತ್ತೂ ಕಾಣದ್ದು. ಆದರೆ ಮೋಡಕ್ಕೆ ಮುದುಡಿಕೊಂಡಿತ್ತು. ಪಕ್ಕದಲ್ಲಿ ಬಳೆ ಇಟ್ಟಳು. ಇನ್ನು ಬಿಸಿಲಿಗೆ ಕಾಯಬೇಕು. ಕಾಯುವುದು ಅವಳ ಜಾಯಮಾನವೇ? ಅತ್ತ ಸರಿದಳು, ಇತ್ತ ಸರಿದಳು, ಬೂಟು ಜಾರಿ ಬಳೆಯನ್ನು ತುಳಿಯಿತು, ಅದು ಕೆಸರಿನಲ್ಲಿ ಹೂತುಹೋಯಿತು. ಕೈ ಹಾಕಿದಷ್ಟೂ ಕೆಳಗಿಳಿಯಿತು. ಮದುವೆಗೆಂದು ಅವತ್ತು ತೊಟ್ಟಿದ್ದು ಚಿನ್ನದ ಬಳೆ. ನಮ್ಮಜ್ಜಿ ಕೊನೆಗಾಲದಲ್ಲಿ ತನ್ನ ಕೈಯಿಂದ ಬಿಚ್ಚಿ ಮಗಳಿಗೆ ತೊಡಿಸಿದ್ದು.

ಮಾವ ಹತ್ತಿರದ ಮನೆಯಿಂದ ಗುದ್ದಲಿ ತಂದರು.

"ಅಗೀಬೇಡಿ! ಗಿಡ ಎಲ್ಲ ಹೋಗ್ತದೆ. ಈ ಹೂ ಬೇರೆಲ್ಲೂ ಸಿಕ್ಕಿಲ್ಲ ನಂಗೆ."

"ನಿನ್ನಮ್ಮನ ಬಳೆ ಮಾರಾಯ್ತಿ ಅದು!"

"ಗೊತ್ತುಂಟು," ಎಂದಳು. ಅಳುತ್ತಲೇ ಹೂವಿಗೆ ಅಡ್ಡ ನಿಂತಳು. ನನ್ನ ನಗುವೆಲ್ಲ ಎಲ್ಲಿ ಹೋಯಿತೋ! ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು.

ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಿತ್ತು. ತುಸು ಹೊತ್ತಿಗೆ ಹೂ ಅರಳತೊಡಗಿತು. ಮಾವ ಗುದ್ದಲಿ ಬದಿಗಿಟ್ಟು, ತಮ್ಮ ಮದುವೆಯಲ್ಲಿ ತೊಡಿಸಿದ್ದ ಉಂಗುರ ಬಿಚ್ಚಲು ನೋಡಿದರು. ಬೆರಳು ದಪ್ಪವಾಗಿ ಅದು ಅಲುಗಲೇ ಇಲ್ಲ. ಗರಿಗರಿ ಪಂಚೆಯಲ್ಲೇ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಹೂವಿನ ಪಕ್ಕಕ್ಕೆ ತಮ್ಮ ಕೈಯನ್ನೇ ಚಾಚಿದರು.

"ತೆಗಿ ಬೇಗ. ಮತ್ತೆ ಮೋಡ ಬರ್ತದೆ."

"ಅಲ್ಲಾಡ್ಬೇಡಿ," ಎಂದಳು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ.

ಅವಳು ಸಾಕು ಎನ್ನುವವರೆಗೂ ಮಾವ ಉಸಿರು ಬಿಗಿಹಿಡಿದು ಕೂತೇ ಇದ್ದರು.