ತೊಡೆದೇವಿನ ಪರವಾನಗಿ

ನಾರಾಯಣಮೂರ್ತಿಗಳ ಮೊಮ್ಮಗಳ ನಾಮಕರಣಕ್ಕೆ ತೊಡೆದೇವು ಮಾಡಿಸಿದ್ದಾರೆಂಬ ಸುದ್ದಿ ಗಿರಿಧರರನ್ನು ಬೆಳಗಿನ ಕಾಫಿಗಿಂತ ಮೊದಲೇ ತಲುಪಿತು. ಕಾಫಿಗೆ ಸಕ್ಕರೆ ಇರಲಿಲ್ಲ. ಬಿಸಿ ಮಡಕೆಯ ಬೆನ್ನಿಗೆ ಬೆಲ್ಲದ ಹಿಟ್ಟು ಬಳಿದು ಬಿಡಿಸಿದ ಆ ತೆಳ್ಳನೆಯ ಹಾಳೆಗೆ ತುಪ್ಪ ಸುರಿದು ತಿಂದು ಎಷ್ಟೋ ಕಾಲವಾಗಿತ್ತು. ಇವತ್ತು ಒಂದಾದರೂ ತಿನ್ನಲೇಬೇಕೆಂದು ಅವರು ನಿಶ್ಚಯಿಸಿದರು.

ಅಡ್ಡಿಯಿದ್ದದ್ದು ಕಾಯಿಲೆಯದಲ್ಲ, ಕೇರಿಯದು. ಸಾಗರದ ಆ ಕೇರಿಯಲ್ಲಿ ಗಿರಿಧರರ ಸಕ್ಕರೆ ಕಾಯಿಲೆ ಬೀದಿ ನಲ್ಲಿಯ ಹಾಗೆ. ಯಾರು ಬೇಕಾದರೂ ಬಂದು ತಿರುಗಿಸಬಹುದಿತ್ತು. ಬೇಡವೆಂದವರ ಎಲೆಗೂ ಒತ್ತಾಯದಿಂದ ಸಿಹಿ ಸುರಿಯುವ ಊರಿನಲ್ಲಿ, ಇವರು ಕೈಚಾಚಿದರೂ ಬಡಿಸುವವರಿರಲಿಲ್ಲ.

ಆಗ ಫೋನಿನಲ್ಲಿ ಒಂದು ಸಂಶೋಧನಾ ಲೇಖನ ಕಂಡಿತು. ವಯಸ್ಸಾದವರ ಸಕ್ಕರೆಯನ್ನು ಅತಿ ಬಿಗಿಯಾಗಿ ಹಿಡಿದರೆ ಅಪಾಯ, ಸಡಿಲಿಸುವುದೇ ಲೇಸು ಎಂದು ಅದರ ಮೊದಲ ಪುಟ ಹೇಳುತ್ತಿತ್ತು. ಇಂಥವನ್ನು ಓದಲು ಸಾಮಾನ್ಯವಾಗಿ ದುಡ್ಡು ಕೇಳುತ್ತಾರೆ. ಇದು ಮಾತ್ರ ಮುಕ್ತ. ಯಾರು ಬೇಕಾದರೂ ಓದಬಹುದು, ಹಂಚಬಹುದು, ಅನುವಾದಿಸಬಹುದು, ತಿದ್ದಬಹುದು. ಬರೆದವರ ಹೆಸರು ಹಾಕಬೇಕು, ತಿದ್ದಿದ್ದನ್ನು ತಿಳಿಸಬೇಕು, ಅದರ ಪರವಾನಗಿಯ ಷರತ್ತು ಅಷ್ಟೆ. ಕಾಲೇಜಿನ ಗ್ರಂಥಪಾಲಕರಾಗಿದ್ದಷ್ಟು ದಿನವೂ ಪುಸ್ತಕದ ಜೆರಾಕ್ಸ್ ಕೇಳಿದ ಮಕ್ಕಳನ್ನು ಅಟ್ಟಿದ್ದ ಗಿರಿಧರರಿಗೆ ಒಮ್ಮೆಲೇ ಜ್ಞಾನದಾನದ ಪುಣ್ಯ ನೆನಪಾಯಿತು. ಎರಡನೆಯ ಪುಟ ನೋಡುವ ಸಹನೆ ಉಳಿಯಲಿಲ್ಲ. ಮೊದಲ ಪುಟವನ್ನು ಕನ್ನಡಕ್ಕಿಳಿಸಿ, ಪರವಾನಗಿಯನ್ನೂ ಸೇರಿಸಿ, ಕೊನೆಗೆ ತಮ್ಮ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿ ಕೇರಿಯ ವಾಟ್ಸಾಪ್ ಗುಂಪಿಗೆ ಬಿಟ್ಟರು.

ಮೊದಲು ಕೈಹಾಕಿದವರು ಎದುರುಮನೆಯ ಮಂಜುನಾಥಪ್ಪ. ನಿವೃತ್ತಿಯ ತನಕ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದವರು, ಈಗ ಅದೇ ವೇಗದಲ್ಲಿ ಔಷಧಿ ಹೇಳುತ್ತಿದ್ದರು. ಅವರು ಲೇಖನದ ನಡುವೆ ಹಾಗಲಕಾಯಿ ರಸ ತೂರಿಸಿದರು. ಗಿರಿಧರರು ಚಪ್ಪಲಿ ಮೆಟ್ಟಿಕೊಂಡು ಜಗಳಕ್ಕೆ ಹೋದರು.

"ತಿದ್ದಬೌದು ಅಂತ ನೀವೇ ಹಾಕಿದೀರಲ್ಲ," ಎಂದರು ಮಂಜುನಾಥಪ್ಪ.

"ತಿದ್ದಿದ್ದನ್ನ ತಿಳಿಸ್ಬೇಕು ಅಂತನೂ ಇದೆಯಲ್ಲ?"

"ಆ ಸಾಲು ಉದ್ದ ಆಯ್ತು. ತೆಗ್ದೆ."

ಅಷ್ಟರಲ್ಲಿ ಯೋಗ ಕಲಿಸುವ ದೀಪ್ತಿ, ಸಡಿಲ ಎಂದರೆ ತನ್ನ ತರಗತಿಗೆ ಯಾರೂ ಬರುವುದಿಲ್ಲವೆಂದು 'ಸಡಿಲಿಸಬೇಕು' ಎಂಬುದನ್ನು 'ಬಿಗಿಮಾಡಬೇಕು' ಎಂದು ಮಾಡಿದ್ದಳು. ಲೇಖನ ನಿಟ್ಟೂರಿನ ನೆಂಟರ ತನಕ ಹೋಗಿ ತಿರುಗಿ ಬರುವಾಗ, ಅರವತ್ತು ದಾಟಿದವರಿಗೆ ಬೆಲ್ಲವೇ ವಿಷವಾಗಿತ್ತು. ಬರೆದ ಡಾಕ್ಟರುಗಳ ಹೆಸರು ಓದಲು ಕಷ್ಟವೆಂದು ಯಾರೋ ಅಳಿಸಿದ್ದರು. ಗಿರಿಧರರ ಹೆಸರನ್ನು ಮಾತ್ರ ಎಲ್ಲರೂ ಭಕ್ತಿಯಿಂದ ಉಳಿಸಿದ್ದರು.

ಮಧ್ಯಾಹ್ನ ಎಲೆ ಹಾಕಿದರು. ತೊಡೆದೇವಿನ ಬುಟ್ಟಿ ಹಿಡಿದು ಬಡಿಸುತ್ತಿದ್ದ ಹುಡುಗ ದಿನೇಶ್ ಹಿರಿಯರ ಸಾಲನ್ನು ದಾಟಿಯೇ ಹೋದ. ಅವನ ಹಿಂದೆಯೇ ಹಾಗಲಕಾಯಿ ರಸದ ಲೋಟಗಳು ಬಂದವು. ಗಿರಿಧರರ ಸಂಶೋಧನೆಯಂತೆ ಈ ವ್ಯವಸ್ಥೆ ಎಂದು ನಾರಾಯಣಮೂರ್ತಿಗಳು ಅಭಿಮಾನದಿಂದ ಸಾರಿದರು. ತೊಡೆದೇವಿಗೆಂದೇ ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಬಂದಿದ್ದ ಹೂವಪ್ಪ, ಗಿರಿಧರರನ್ನು ಹಸಿದ ಎಮ್ಮೆ ಬೇಲಿಯನ್ನು ನೋಡುವಂತೆ ನೋಡಿದರು.

ಗಿರಿಧರರು ಎದ್ದುನಿಂತು, ಅದು ತಮ್ಮ ಲೇಖನವಲ್ಲ, ಮೂಲ ಫೋನಿನಲ್ಲಿದೆ, ಬೇಕಾದರೆ ಓದಿಸಿ ಎಂದರು. ನಾರಾಯಣಮೂರ್ತಿಗಳ ಸೊಸೆ ಹರಿಪ್ರಿಯಾ ಡಾಕ್ಟರು. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬಂದು, ಎರಡನೆಯ ಪುಟವನ್ನೂ ಬಿಡದೆ ಓದಿದಳು.

"ಸಡಿಲ ಮಾಡಿ ಅಂತಲೇ ಇದ್ದು," ಎಂದಳು. ಹಿರಿಯರ ಸಾಲಿಗೆ ಜೀವ ಬಂತು.

"ಮಾವ, ನಿಮ್ಗೆ ಬೇರೆ ಎಂತಾದ್ರೂ ತೊಂದ್ರೆ ಇದ್ದಾ? ಹೃದಯ, ಮೂತ್ರಪಿಂಡ?" ಎಂದು ಗಿರಿಧರರನ್ನು ಕೇಳಿದಳು.

"ಎಂತದೂ ಇಲ್ಲೆ," ಗಿರಿಧರರು ಎದೆಯುಬ್ಬಿಸಿದರು. "ದಿನಾ ವರದಹಳ್ಳಿ ರಸ್ತೆಲಿ ನಡಿಗೆ."

"ಮರೆವು?"

"ಮರೆವಾ? ಪರವಾನಗಿ ಪೂರ್ತಿ ಬಾಯಲ್ಲೇ ಹೇಳ್ಲಾ?" ಎಂದವರು, ಯಾರೂ ಕೇಳದಿದ್ದರೂ ಹೇಳಿಯೇಬಿಟ್ಟರು.

ಹರಿಪ್ರಿಯಾ ಫೋನನ್ನು ಮೆಲ್ಲನೆ ಹಿಂದಿರುಗಿಸಿದಳು. "ಸಡಿಲ ಅಂದಿದ್ದು ಮೈ ಸೋತವ್ರಿಗೆ, ಮರೆವು ಇದ್ದವ್ರಿಗೆ, ನಾಲ್ಕಾರು ಕಾಯಿಲೆ ಇದ್ದವ್ರಿಗೆ. ನಿಮ್ಮಷ್ಟು ಗಟ್ಟಿ ಇದ್ದವ್ರು ಬಿಗಿಯಾಗೇ ಇರ್ಬೇಕು ಅಂತ ಇದ್ದು, ಮಾವ."

ಸಾಲಿನಲ್ಲಿ ಕಾಯಿಲೆಗಳ ಹರಾಜು ಶುರುವಾಯಿತು. ಒಬ್ಬರು ಎದೆ ಮುಟ್ಟಿದರು, ಒಬ್ಬರು ಮೂತ್ರಪಿಂಡ ಎಂದರು. ಮಂಜುನಾಥಪ್ಪ ತಮ್ಮ ಹೆಸರನ್ನೇ ಮರೆತರು. ದಿನೇಶ್ ಗಿರಿಧರರೊಬ್ಬರನ್ನು ಬಿಟ್ಟು ಎಲ್ಲರ ಎಲೆಗೂ ಒಂದೊಂದು ತೊಡೆದೇವು ಹಾಕಿ ತುಪ್ಪ ಸುರಿದ. ಗಿರಿಧರರ ಹೆಂಡತಿ ಸರಸ್ವತಮ್ಮನಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಆದರೂ ಅವರು ತಮ್ಮ ಪಾಲಿನ ತೊಡೆದೇವನ್ನು ಪಕ್ಕದ ಅಜ್ಜಿಯ ಎಲೆಗೆ ದಾಟಿಸಿ, ತಮಗೂ ಒಂದು ಲೋಟ ಹಾಗಲಕಾಯಿ ರಸ ತರಿಸಿಕೊಂಡರು. ಗಂಡ ಅದನ್ನು ಗಮನಿಸಲಿಲ್ಲ. ಅವರ ಕಣ್ಣು ಹೂವಪ್ಪನವರ ಎಲೆಯ ಮೇಲಿತ್ತು.

ಹೂವಪ್ಪನವರಿಗೆ ಕನಿಕರವಾಯಿತು. ತುಪ್ಪದ ಬೆರಳನ್ನು ನೆಕ್ಕಿಕೊಂಡು ಗಿರಿಧರರತ್ತ ಬಾಗಿ, ಸಮಾಧಾನದ ದನಿಯಲ್ಲಿ ಹೇಳಿದರು:

"ಬೇಜಾರ್ ಮಾಡ್ಕಬೇಡಿ ಮಾರಾಯ್ರೆ. ಆ ಸಿಗಂದೂರಮ್ಮ ನಿಮ್ಗೂ ಬೇಗ ಇನ್ನೊಂದು ಕಾಯಿಲೆ ಕೊಡ್ಲಿ."